ಸುಳ್ಳು ಕೆಮ್ಮಿನ ನೌಕರಿ

ನನಗೆ ಕೆಮ್ಮಲು ಕಲಿಸಿದವನು ಬೆಂಗಳೂರಿನಿಂದ ಬಂದಿದ್ದ ಒಬ್ಬ ತರುಣ. ಅವನ ಸಂಸ್ಥೆಯವರು ಚಿಕ್ಕೋಡಿಯಲ್ಲಿ ಗೊಬ್ಬರದ ಅಂಗಡಿಯ ಮೇಲೊಂದು ಬಾಡಿಗೆ ಕೋಣೆ ಹಿಡಿದಿದ್ದರು. ಅಲ್ಲಿ ನಮ್ಮನ್ನು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಸಾಲಾಗಿ ಕೂರಿಸಿ ಒಬ್ಬೊಬ್ಬರಿಂದಲೂ ಕೆಮ್ಮಿಸುತ್ತಿದ್ದ. ನನ್ನ ಸರದಿ ಬಂದಾಗ ಸೆರಗನ್ನು ಬಾಯಿಗೆ ಹಿಡಿದು ಕೆಮ್ಮಿದೆ. ಅವನು ತಲೆ ಅಲ್ಲಾಡಿಸಿದ.

"ಮೇಡಂ, ನಿಮ್ಮ ಕೆಮ್ಮು ತುಂಬಾ ಆರೋಗ್ಯವಾಗಿದೆ. ಯಾರನ್ನೋ ಕರೆಯೋ ಹಾಗಿದೆ. ಇದು ಮೂರು ವಾರದ ಕೆಮ್ಮು ಮೇಡಂ, ಕೆಮ್ಮಿಗೇ ಸುಸ್ತಾಗಿರಬೇಕು."

ಅವನ ಕಿವಿ ಚುರುಕಾಗಿತ್ತು. ಅದು ಮನೆಗೆ ಗಂಡಸರು ಯಾರಾದರೂ ಬಂದಾಗ ಒಳಗಿರುವ ಅತ್ತೆಗೆ ಸೂಚನೆ ಕೊಡಲು ನಾನು ಬಳಸುತ್ತಿದ್ದ ಕೆಮ್ಮೇ ಆಗಿತ್ತು.

ಕೆಲಸ ಏನೆಂದು ಹೇಳಿಬಿಡುತ್ತೇನೆ. ನಮ್ಮ ಕಡೆಯ ಸರಕಾರಿ ದವಾಖಾನೆಗಳು ಹೇಗೆ ನಡೆಯುತ್ತಿವೆ ಎಂಬುದನ್ನು ಸರಕಾರಕ್ಕೆ ಸಂಬಂಧವಿಲ್ಲದ ಹೊರಗಿನವರು ನೋಡಿ ಹೇಳಬೇಕೆಂದು ಮೇಲೆ ಎಲ್ಲೋ ತೀರ್ಮಾನವಾಗಿತ್ತು. ಒಂದು ಸಂಸ್ಥೆ ಆ ಕೆಲಸವನ್ನು ವಹಿಸಿಕೊಂಡಿತ್ತು. ಹೇಳಿ ಕಳಿಸಿ ಹೋದರೆ ಎಲ್ಲ ದವಾಖಾನೆಗಳೂ ಮದುವೆಮನೆಯ ಹಾಗೆ ಸಿಂಗಾರಗೊಂಡು ನಿಲ್ಲುತ್ತವೆ. ಅದಕ್ಕಾಗಿ ಸುಳ್ಳು ರೋಗಿಗಳನ್ನು ಕಳಿಸುವುದೆಂದು ಗೊತ್ತುಮಾಡಿದ್ದರು. ರೋಗಿಗೆ ಮೂರು ವಾರದಿಂದ ಕೆಮ್ಮು, ಸಂಜೆ ಸಣ್ಣ ಜ್ವರ, ಮೈ ಇಳಿದಿದೆ. ಡಾಕ್ಟರರು ಇಷ್ಟು ಕೇಳಿದ ಮೇಲೆ ಕ್ಷಯ ಇರಬಹುದೆಂದು ಅನುಮಾನಿಸಿ ಕಫದ ಪರೀಕ್ಷೆಗೆ ಬರೆದುಕೊಡುತ್ತಾರೋ, ಇಲ್ಲ ಬಾಟಲಿ ಔಷಧ ಕೊಟ್ಟು ಸಾಗಹಾಕುತ್ತಾರೋ ನೋಡಬೇಕು. ಹೊರಗೆ ಬಂದು ಟ್ಯಾಬಿನಲ್ಲಿ ಅವರು ಕೇಳಿದ್ದಕ್ಕೆ ಹೌದು, ಕೇಳದ್ದಕ್ಕೆ ಇಲ್ಲ ಎಂದು ಒತ್ತಬೇಕು.

ಈ ಕೆಲಸಕ್ಕೆ ಕನ್ನಡ, ಮರಾಠಿ ಎರಡೂ ಬರಬೇಕು, ಮುಖ ಮಾತ್ರ ನೋಡಿದವರ ನೆನಪಿನಲ್ಲಿ ಉಳಿಯುವಂತಿರಬಾರದು ಎಂಬುದು ಷರತ್ತು. ಎರಡನೆಯ ಅರ್ಹತೆ ನನಗಿದೆ ಎಂದು ಅವರು ಹೇಗೆ ತೀರ್ಮಾನಿಸಿದರೆಂದು ನಾನು ಕೇಳಲಿಲ್ಲ.

ನಾನು ಏಕಸಂಬಿಯ ಒಂದು ಕಬ್ಬಿನ ಮನೆತನದ ಸೊಸೆ. ಬಿ.ಎ. ಓದಿದವಳು. ಮಕ್ಕಳು ದೊಡ್ಡವರಾಗಿ ಓದಲು ಬೇರೆ ಊರು ಸೇರಿದ ಮೇಲೆ ಆಗೀಗ ಮನೆಮನೆ ಸರ್ವೆಯ ಕೆಲಸಕ್ಕೆ ಹೋಗುತ್ತಿದ್ದೆ. ಈ ಸಲವೂ ಮನೆಯಲ್ಲಿ ಸರ್ವೆ ಎಂದೇ ಹೇಳಿದ್ದೆ. ಗುಟ್ಟು ಬಿಡುವುದಿಲ್ಲವೆಂದು ಕಾಗದಕ್ಕೆ ಸಹಿ ಮಾಡಿಸಿಕೊಂಡಿದ್ದರಿಂದ ಗಂಡನಿಗೂ ಹೇಳುವಂತಿರಲಿಲ್ಲ. ನನ್ನ ಗಂಡ ಹೇಳಿದರೆ ಕೇಳುವ, ಹೇಳದಿದ್ದರೆ ಕೇಳದ ಮನುಷ್ಯ. ಮನೆಯಲ್ಲಿ ಪ್ರಶ್ನೆಗಳೆಲ್ಲ ಅತ್ತೆಯ ಖಾತೆ.

ಯಾವ ದವಾಖಾನೆಯಲ್ಲಿ ಏನಾಯಿತೆಂದು ಇವತ್ತಿಗೂ ನಾನು ಹೇಳಬಾರದು. ಹಾಗಾಗಿ ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ಎಂಬ ಹೆಸರುಗಳನ್ನು ನಾನು ಓಡಾಡಿದ ಬಸ್ಸುಗಳ ಬೋರ್ಡಿಗೇ ಬಿಡುತ್ತೇನೆ. ಕಬ್ಬು ಕಡಿಯುವ ಹಂಗಾಮಿನ ದಿನಗಳು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಡೆಯುವ ವೇಗದಲ್ಲಿ ಹೋಗುತ್ತಿತ್ತು. ನಾನು ಕಿಟಕಿಯ ಪಕ್ಕ ಕೂತು, ಅಭ್ಯಾಸ ತಪ್ಪಬಾರದೆಂದು ಮೆಲ್ಲಗೆ ಕೆಮ್ಮುತ್ತಿದ್ದೆ. ಪಕ್ಕದ ಸೀಟು ಯಾವಾಗಲೂ ಖಾಲಿ ಸಿಗುತ್ತಿತ್ತು.

ಮೊದಲ ದವಾಖಾನೆಯಲ್ಲಿ ನನಗೆ ಆದದ್ದು ಅವಮಾನ. ನನಗೊಂದು ಹೊಸ ಹೆಸರು ಕೊಟ್ಟಿದ್ದರು. ಊರು ಬೋರಗಾಂವ, ಕೆಲಸ ವಿದ್ಯುತ್ ಮಗ್ಗದಲ್ಲಿ, ಗಂಡ ಕೂಲಿ. ಇಷ್ಟನ್ನೂ ಬಾಯಿಪಾಠ ಮಾಡಿಕೊಂಡು ಹೋದರೆ ಡಾಕ್ಟರರು ನಾನು ಸ್ಟೂಲಿನ ಮೇಲೆ ಕೂರುವಷ್ಟರಲ್ಲಿ ಚೀಟಿ ಬರೆದು ಮುಗಿಸಿದ್ದರು. ನಾನಿನ್ನೂ ಕೆಮ್ಮಿಯೇ ಇರಲಿಲ್ಲ.

"ಸರ್, ಮೂರು ವಾರ ಆತ್ರಿ..." ಎಂದೆ.

"ಹೂಂ, ಗುಳಗಿ ತಗೋರಿ. ಮುಂದಿನವರು ಬರ್ರಿ."

ಬಾಗಿಲಲ್ಲಿ ನಿಂತು, ಕಲಿತದ್ದು ವ್ಯರ್ಥವಾಗಬಾರದೆಂದು, ಎರಡು ಸಲ ಚೆನ್ನಾಗಿ ಕೆಮ್ಮಿದೆ. ಅವರು ತಲೆ ಎತ್ತಿ, "ಬಾಗಲಾ ಮುಚ್ಚಿಕೊಂಡ ಹೋಗ್ರಿ," ಎಂದರು. ಹೊರಗೆ ಬೇವಿನ ಮರದ ಕೆಳಗೆ ಕೂತು ಟ್ಯಾಬಿನಲ್ಲಿ ಇಲ್ಲ, ಇಲ್ಲ, ಇಲ್ಲ ಎಂದು ಒತ್ತುವಾಗ ನನ್ನ ಬೆರಳಿಗೆ ಸ್ವಲ್ಪ ಜಾಸ್ತಿಯೇ ಜೋರು ಬಂದಿರಬೇಕು.

ಎರಡನೆಯ ಕಡೆ ಎಲ್ಲವೂ ತಿರುವುಮುರುವು. ಗಡಿಗೆ ತೀರ ಹತ್ತಿರದ ಊರು. ಸಾಲಿನಲ್ಲಿ ನಿಂತವರೆಲ್ಲ ಮರಾಠಿಯಲ್ಲಿ ಮಾತಾಡುತ್ತಿದ್ದರು. ನನ್ನ ಹಿಂದಿದ್ದ ಮುದುಕಿ ಬೆನ್ನ ಮೇಲೆ ಕೈಯಿಟ್ಟು, "ಕಾಯ್ ಝಾಲಂ ಗ ಬಾಯಿ?" ಎಂದು ಏನಾಯಿತೆಂದು ಕೇಳಿದಳು. ಕೆಮ್ಮು ಎಂದೆ. ಅಷ್ಟೇ ಸಾಕಾಯಿತು. ಡಾಕ್ಟರರ ಬಾಗಿಲು ಮುಟ್ಟುವಷ್ಟರಲ್ಲಿ ಸಾಲಿನವರು ನನಗೆ ಆಡುಸೋಗೆ, ಅರಿಷಿಣ ಹಾಲು, ಸುಟ್ಟ ಲವಂಗ, ಗಡಿಯಾಚೆ ದೊಡ್ಡ ಆಸ್ಪತ್ರೆಗಳಿರುವ ಮಿರಜಿನ ಒಬ್ಬ ಡಾಕ್ಟರು, ಗಂಡನ ಜೊತೆ ಜಗಳವಾಡದಿರುವುದು, ಎಲ್ಲವನ್ನೂ ಬರೆದುಕೊಟ್ಟಿದ್ದರು. ಇದಕ್ಕೆಲ್ಲ ಟ್ಯಾಬಿನಲ್ಲಿ ಕಾಲಂ ಇದ್ದಿದ್ದರೆ ಆ ಸಾಲಿಗೆ ನೂರಕ್ಕೆ ನೂರು.

ಒಳಗಿದ್ದ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಕೇಳಬೇಕಾದ್ದನ್ನೆಲ್ಲ ಕೇಳಿದಳು. ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಆಲಿಸಿ, ಹುಬ್ಬು ಗಂಟಿಕ್ಕಿದಳು.

"ಎದಿ ಒಳಗ ಏನೂ ಕೇಳಿಸವಲ್ತು. ಭಾಳ ಸ್ವಚ್ಛ ಐತಿ."

ನಾನು ಅಪರಾಧಿಯಂತೆ ತಲೆ ತಗ್ಗಿಸಿದೆ.

"ಏನ ಇರಲಿ, ಕಫಾ ಟೆಸ್ಟ್ ಮಾಡಸೋಣು. ಹೆದರಬ್ಯಾಡ್ರಿ. ಇದ್ದರೂ ಗುಣಾ ಆಕ್ಕೈತಿ," ಎಂದು ನನ್ನ ಕೈ ಹಿಡಿದಳು.

ಸುಳ್ಳು ರೋಗಿಗಳು ಕಫ ಕೊಡಬಾರದು. ಹೇಗಾದರೂ ಮಾಡಿ ತಪ್ಪಿಸಿಕೊಂಡು ಬರಬೇಕು. ಅದು ನಮಗೆ ಕಲಿಸಿದ ನಿಯಮ. "ಯಜಮಾನ್ರು ಹೊರಗ ಅದಾರ, ಹೇಳಿ ಬರತೀನ್ರಿ," ಎಂದು ಹೊರಬಿದ್ದು ಬಸ್ ಹಿಡಿದೆ. ಆ ಹುಡುಗಿ ಹಿಡಿದ ಕೈಯನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವಳಿಗೆ ಪೂರ್ತಿ ಅಂಕ ಕೊಟ್ಟೆ.

ಅನಾಹುತ ಆದದ್ದು ಮೂರನೆಯ ಕಡೆ. ನಿಪ್ಪಾಣಿಯ ಬಸ್ಸಿಳಿದು, ಅಲ್ಲಿಂದ ಟಂಟಂ ರಿಕ್ಷಾ ಹಿಡಿದು ಹೋದ ಒಂದು ದವಾಖಾನೆ. ಡಾಕ್ಟರು ಮೀಟಿಂಗಿಗೆ ಹೋಗಿದ್ದರು. ಅವರ ಬದಲಿಗೆ ಒಬ್ಬ ನರ್ಸು ಕೂತಿದ್ದರು. ಎತ್ತರದ, ದೊಡ್ಡ ದನಿಯ ಹೆಂಗಸು. ಅವರು ಮಾತಾಡಿದರೆ ಅಂಗಳದ ನಾಯಿ ಎದ್ದು ಕೂರುತ್ತಿತ್ತು. ನನ್ನ ಕೆಮ್ಮು ಅಷ್ಟರಲ್ಲಿ ಪಳಗಿತ್ತು. ಒಂದೇ ಕೆಮ್ಮಿಗೆ ಅವರು ಬರೆಯುವುದನ್ನು ನಿಲ್ಲಿಸಿದರು.

"ಎಷ್ಟ ದಿನಾ ಆತು?"

"ಮೂರು ವಾರ್ರಿ."

"ಮೂರು ವಾರ ಏನ ಮಾಡಾಕತ್ತಿದ್ದಿ? ಹಬ್ಬಾ ಮಾಡಾಕತ್ತಿದ್ದೇನ?"

ಅಷ್ಟರಲ್ಲಿ ಬಾಗಿಲ ಬಳಿ ಒಂದು ಕೂಗು ಕೇಳಿತು.

"ಯವ್ವಾ! ಏಕಸಂಬಿ ಸೊಸಿ ಅಲ್ಲೇನ ಬೇ? ನೀ ಇಲ್ಲಿ ಯಾಕ ಬಂದಿ?"

ನನ್ನ ಅತ್ತೆಯ ತಂಗಿ. ಅದೇ ಸುತ್ತಿನ ಹಳ್ಳಿಗೆ ಕೊಟ್ಟ ಹೆಣ್ಣು. ಮೊಣಕಾಲು ನೋವಿನ ಗುಳಿಗೆಗೆ ಬಂದಿದ್ದಳು. ಬೆಂಗಳೂರಿನ ತರುಣ ಎಲ್ಲವನ್ನೂ ಕಲಿಸಿದ್ದ, ಅತ್ತೆಯ ತಂಗಿ ಬಂದರೆ ಏನು ಮಾಡಬೇಕೆಂಬುದನ್ನು ಮಾತ್ರ ಕಲಿಸಿರಲಿಲ್ಲ. ಗಾಬರಿಯಲ್ಲಿ ನಾನು ಮರಾಠಿಗೆ ತಿರುಗಿದೆ.

"ಮೀ ನಾಹೀ. ತುಮ್ಹಾಲಾ ದುಸ್ರಂ ಕೋಣೀ ವಾಟಲಂ," ಎಂದೆ. ನಾನಲ್ಲ, ನಿಮಗೆ ಬೇರೆ ಯಾರೋ ಅನಿಸಿರಬೇಕು ಎಂದು.

ಅವಳು ಹತ್ತಿರ ಬಂದು ನನ್ನ ಮುಖವನ್ನು ನೋಡಿದಳು. ಆಮೇಲೆ ನನ್ನ ಸೀರೆಯನ್ನು ನೋಡಿದಳು. ಆ ಸೀರೆ ಅವಳೇ ತನ್ನ ಮಗಳ ಮದುವೆಯಲ್ಲಿ ನನಗೆ ಉಡಿಸಿದ್ದು.

ನಾನು ಎದ್ದು, ಕೆಮ್ಮುತ್ತಲೇ ಹೊರಗೆ ನಡೆದೆ. ಹಿಂದಿನಿಂದ ನರ್ಸಿನ ದನಿ ಅಂಗಳ ದಾಟಿ ಬಂತು: "ಏ, ಕಫಾ ಕೊಟ್ಟ ಹೋಗ! ಡಬ್ಬಿ ತಗೊಂಡ ಹೋಗ!" ನಾನು ಓಡಿದ ಹಾಗೆ ಮೂರು ವಾರ ಕೆಮ್ಮಿದವರು ಯಾರೂ ಓಡಿರಲಾರರು.

ಮನೆಗೆ ಬರುವಷ್ಟರಲ್ಲಿ ಫೋನು ನನಗಿಂತ ಮೊದಲು ಬಂದು ಮುಟ್ಟಿತ್ತು. ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಗಂಡ ಹೊಲದಿಂದ ಬಂದು, ಕಾಲು ಕೂಡ ತೊಳೆಯದೆ ನಿಂತಿದ್ದರು.

"ಸರ್ವೆ ಅಂತ ಹೇಳಿ ಊರೂರು ತಿರಗಿ ಔಷಧಾ ತಗೊಳ್ಳಾಕತ್ತೀಯೇನ?" ಎಂದರು ಅತ್ತೆ. "ನಮ್ಮುಂದ ಹೇಳಿದ್ರ ನಾವೇನ ತವರಮನಿಗಿ ಕಳಸ್ತಿದ್ದಿವೇನ?"

"ನನಗ ಏನೂ ಆಗಿಲ್ರಿ. ಕೆಮ್ಮೇ ಇಲ್ಲ."

"ನೋಡ, ಹ್ಯಾಂಗ ತಡಕೊಂಡಾಳ," ಎಂದು ಅತ್ತೆ ಮಗನ ಕಡೆ ತಿರುಗಿದರು. "ಒಳಗ ಕೆಮ್ಮು ಬಂದೈತಿ, ಹೊರಗ ಬಿಡವಲ್ಲಳು."

ಗಂಡ ಹೆಗಲ ಮೇಲಿನ ಟವೆಲ್ಲು ಕೊಡವಿದರು. "ಮಿರಜಕ್ಕ ಹೋಗೋಣು," ಎಂದರು. ಮದುವೆಯಾದ ಮೇಲೆ ಅವರು ತಾವಾಗಿ ಎಲ್ಲಿಗಾದರೂ ಹೋಗೋಣ ಎಂದದ್ದು ಅದೇ ಮೊದಲು. ಒಂದು ಕ್ಷಣ ನಿಜವಾಗಿಯೇ ಕೆಮ್ಮಿಬಿಡೋಣ ಅನ್ನಿಸಿತು.

ಹಿತ್ತಲಿಗೆ ಹೋಗಿ ಬೆಂಗಳೂರಿನ ತರುಣನಿಗೆ ಫೋನು ಮಾಡಿದೆ.

"ಯಾವ ಕಾರಣಕ್ಕೂ ಹೇಳಬೇಡಿ ಮೇಡಂ," ಎಂದ. "ಇನ್ನೂ ದವಾಖಾನೆಗಳು ಬಾಕಿ ಇವೆ. ಒಂದು ಕಡೆ ಗೊತ್ತಾದರೆ ಎಲ್ಲ ಕಡೆ ಗೊತ್ತಾಗುತ್ತೆ. ಸದ್ಯಕ್ಕೆ ಮನೆಯಲ್ಲಿ ಕೆಮ್ಮಬೇಡಿ, ಅಷ್ಟೇ."

"ನಾ ಕೆಮ್ಮಾಕತ್ತಿಲ್ಲಪಾ!"

"ವೆರಿ ಗುಡ್ ಮೇಡಂ."

ಅಂದಿನಿಂದ ನನಗೆ ತಟ್ಟೆ ಬೇರೆ, ಲೋಟ ಬೇರೆ, ಹಾಸಿಗೆ ಬೇರೆ. ಅಡುಗೆಮನೆಗೆ ಕಾಲಿಡುವ ಹಾಗಿರಲಿಲ್ಲ. ರೊಟ್ಟಿ ಬಡಿಯುವುದೂ ಅತ್ತೆ, ಪಾತ್ರೆಯೂ ಅತ್ತೆ. ನಾನು ಪಡಸಾಲೆಯಲ್ಲಿ ದಿಂಬಿಗೆ ಒರಗಿ ಕೂತು ಟಿವಿ ನೋಡಬೇಕು. ಎದ್ದರೆ ಬೈಗುಳ. ಸುದ್ದಿ ತಿಳಿದ ಬಂಧುಬಳಗ ಕಬ್ಬೂರಿನಿಂದ, ರಾಯಬಾಗದಿಂದ ಬರತೊಡಗಿತು. ಬಂದವರು ಮುಖಕ್ಕೆ ಟವೆಲ್ಲು ಕಟ್ಟಿಕೊಂಡು ದೂರದ ಬಾಗಿಲಲ್ಲಿ ಕೂತು, ಎಳನೀರು, ಬಿಸ್ಕಿಟು ಕೊಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟ ಇಳದಾಳ ನೋಡ್ರಿ," ಎನ್ನುತ್ತಿದ್ದರು. ಆರಾಮಿನ ಊಟಕ್ಕೆ ನನ್ನ ಕುಪ್ಪಸ ಬಿಗಿಯಾಗುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಘಟನೆ ಎಂದರೆ ಮೊಟ್ಟೆ. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವುದಿಲ್ಲ. ಅತ್ತೆಯ ತಂಗಿ ನಿಪ್ಪಾಣಿ ಕಡೆಯಿಂದ ಒಂದು ಡಬ್ಬಿಯಲ್ಲಿ ಹೊಟ್ಟು ತುಂಬಿ, ಅದರಲ್ಲಿ ಮೊಟ್ಟೆಗಳನ್ನು ಹೂತು ತಂದಳು. ಅತ್ತೆ ಬಹಳ ಯೋಚಿಸಿ, ಅವನ್ನು ದನದ ಕೊಟ್ಟಿಗೆಯಲ್ಲಿ ಒಲೆ ಹೂಡಿ, ತಾವೇ ಮುಖ ಆಚೆ ತಿರುಗಿಸಿಕೊಂಡು ಬೇಯಿಸಿ ತಂದರು.

"ಔಷಧಾ ಅಂತ ತಿನ್ನ. ತತ್ತಿ ಅನ್ನಬ್ಯಾಡ."

ತಿನ್ನುತ್ತೇನೆಂದು ಹೇಳಿ ಎಮ್ಮೆಯ ಬಾನಿಗೆ ಹಾಕಿದೆ. ಎಮ್ಮೆಯೂ ತಿನ್ನಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅಂಗಳದಲ್ಲಿ ಸ್ಕೂಟಿ ನಿಂತ ಸದ್ದಾಯಿತು. ಆಮೇಲೆ ಆ ದನಿ.

"ಯಾರಿದ್ದೀರಿ ಮನ್ಯಾಗ? ಆ ಓಡಿ ಬಂದಾಕಿ ಎಲ್ಲಿ ಅದಾಳ?"

ನರ್ಸು. ಹಿಂದೆ ನಮ್ಮೂರಿನ ಆಶಾ ಕಾರ್ಯಕರ್ತೆ ಕೂತಿದ್ದಳು. ಅತ್ತೆಯ ತಂಗಿಯಿಂದ ನನ್ನ ಊರು, ಓಣಿ, ಮನೆಯ ಬಣ್ಣ ಎಲ್ಲವನ್ನೂ ಬರೆದುಕೊಂಡು ಅವರು ತಾಲೂಕೇ ದಾಟಿ ಬಂದಿದ್ದರು. ಸೀದಾ ಪಡಸಾಲೆಗೆ ಬಂದು ನನ್ನೆದುರಿಗೆ ಕೂತರು.

"ಸುಳ್ಳ ಹೆಸರ ಕೊಟ್ಟಿಯಲ್ಲ, ಯಾಕವಾ? ನಾಚಿಕಿ ಏನೈತಿ ಇದರಾಗ? ಭಾಳ ಮಂದಿ ಹಿಂಗ ಮಾಡ್ತಾರ. ನಾ ಬಿಡಂಗಿಲ್ಲ. ಹಿಂದ ಒಬ್ಬಾಂವನ್ನ ಕಬ್ಬ ಕಡಿಯೋ ಗ್ಯಾಂಗಿನ್ಯಾಗಿಂದ ಹಿಡಕೊಂಡ ಬಂದೀನಿ." ಪಕ್ಕದಲ್ಲಿದ್ದ ನನ್ನ ತಟ್ಟೆಯ ಮೇಲೆ ಅವರ ಕಣ್ಣು ಬಿತ್ತು. "ಇದೇನ, ತಾಟ ಬ್ಯಾರೆ ಇಟ್ಟೀರಿ?"

"ಹತ್ತತೈತಿ ಅಂತರಲ್ರಿ," ಎಂದರು ಅತ್ತೆ.

"ತಾಟಿನಿಂದ ಯಾವ ರೋಗಾನೂ ಹತ್ತಂಗಿಲ್ಲ. ಮೊದಲ ಒಳಗ ಇಡ್ರಿ ಅದನ್ನ. ಇಕಿಗಿ ಅಡಗಿಮನಿಗಿ ಹೋಗಾಕ ಬಿಡ್ರಿ."

ನನ್ನ ಸುಖದ ದಿನಗಳು ಅಲ್ಲಿಗೆ ಮುಗಿದವೆಂದು ಗೊತ್ತಾಯಿತು.

ಅವರು ಡಬ್ಬಿ ಕೊಟ್ಟು, "ಕೆಮ್ಮಿ ಕಫಾ ತಗಿ," ಎಂದರು. ಮೂರು ದವಾಖಾನೆಗಳಲ್ಲಿ ಕೆಮ್ಮಿದ ನನಗೆ ಅವತ್ತು ಕೆಮ್ಮೇ ಬರಲಿಲ್ಲ. ಹಿತ್ತಲಲ್ಲಿ ನಿಂತು ಎಷ್ಟು ಒದ್ದಾಡಿದರೂ ಬಂದದ್ದು ಬರೀ ಉಗುಳು. ನರ್ಸು ಅದನ್ನು ಬೆಳಕಿಗೆ ಹಿಡಿದು, "ಇದು ಕಫಾ ಅಲ್ಲ. ನಾಳೆ ಮುಂಜಾನೆದ್ದ ಕೊಡು, ಆಶಾ ಒಯ್ತಾಳ," ಎಂದು ಇನ್ನೊಂದು ಡಬ್ಬಿ ಇಟ್ಟರು. ನಿಯಮವನ್ನು ಮುರಿದದ್ದೂ ಆಯಿತು, ಕೆಲಸವೂ ಆಗಲಿಲ್ಲ.

ಆಮೇಲೆ ಅವರು ಮನೆಯವರನ್ನೆಲ್ಲ ಸಾಲಾಗಿ ಕೂರಿಸಿದರು. ರೋಗಿಯ ಮನೆಯಲ್ಲಿ ಎಲ್ಲರನ್ನೂ ತಪಾಸಣೆ ಮಾಡಬೇಕಂತೆ. ಬಂದದ್ದಕ್ಕೆ ಬಿಪಿ, ಸಕ್ಕರೆ ಎರಡನ್ನೂ ನೋಡಿಬಿಡುತ್ತೇನೆಂದರು. ಗಂಡ ತೋಳು ಚಾಚಿದರು. ಅತ್ತೆ ಎದ್ದು ಎಮ್ಮೆ ಕಟ್ಟುವ ನೆಪದಲ್ಲಿ ಹೊರಟರು.

"ಅಮ್ಮಾರ, ಎಮ್ಮಿ ಕಟ್ಟೇ ಐತಿ. ಕುಂಡ್ರಿ," ಎಂದರು ನರ್ಸು.

ನರ್ಸು ಅತ್ತೆಯ ಬೆರಳಿಗೆ ಚುಚ್ಚಿ, ಸಣ್ಣ ಮಷೀನನ್ನು ನೋಡಿ, ದನಿ ತಗ್ಗಿಸಿದರು. ಅಷ್ಟು ಹೊತ್ತಿನಲ್ಲಿ ಅವರ ದನಿ ತಗ್ಗಿದ್ದು ಅದೇ ಮೊದಲು.

"ರಾತ್ರಿ ಎಷ್ಟ ಸಲ ಏಳತೀರಿ? ನೀರಡಿಕಿ ಆಕ್ಕೈತೇನು? ಕಾಲಾಗ ಮಾಯಲಾರದ ಗಾಯ ಐತೇನು?"

ಅತ್ತೆ ಸೀರೆಯ ಅಂಚನ್ನು ಎಳೆದು ಪಾದ ಮುಚ್ಚಿಕೊಂಡರು. ಆ ಗಾಯವನ್ನು ನಾನೂ ನೋಡಿರಲಿಲ್ಲ, ಮಗನೂ ನೋಡಿರಲಿಲ್ಲ. ನನ್ನ ಗಂಡ ಬಗ್ಗಿ, ಅವ್ವನ ಸೀರೆಯನ್ನು ಸ್ವಲ್ಪ ಸರಿಸಿ ನೋಡಿ, ಹಾಗೆಯೇ ಕೂತುಬಿಟ್ಟರು.

"ಸಕ್ಕರಿ ಭಾಳ ಐತಿ," ಎಂದರು ನರ್ಸು. "ಇವತ್ತಿನಿಂದ ಚಾದಾಗ ಸಕ್ಕರಿ ಬಂದ್."

"ನಮ್ಮ ಹೊಲದ ಕಬ್ಬಿನ ಸಕ್ಕರಿ, ನಮಗ ಏನ ಮಾಡತೈತ್ರಿ?" ಎಂದರು ಅತ್ತೆ.

ಅಂದು ಸಂಜೆ ಬೆಂಗಳೂರಿನ ತರುಣನಿಗೆ ಫೋನು ಮಾಡಿ ನರ್ಸು ಬಂದಿದ್ದರೆಂದು ಹೇಳಿದೆ.

"ಗೊತ್ತಾಗಿಹೋಯ್ತಾ?"

"ಇಲ್ಲ. ನನಗ ಗುಣಾ ಮಾಡಾಕ ಬಂದಿದ್ರು."

"ಮೇಡಂ, ಅದಕ್ಕೆ ನಮ್ಮ ಟ್ಯಾಬಲ್ಲಿ ಕಾಲಂ ಇಲ್ಲ," ಎಂದ.

ನಿಯಮದ ಪ್ರಕಾರ ಆ ದವಾಖಾನೆಯ ಭೇಟಿ ನಾನು ಓಡಿಬಂದಲ್ಲಿಗೇ ಮುಗಿದಿತ್ತು. ಡಾಕ್ಟರು ಇದ್ದರೆ? ಇಲ್ಲ. ಕಫದ ಪರೀಕ್ಷೆಗೆ ಚೀಟಿ ಬರೆದರೆ? ಇಲ್ಲ. ಹೀಗೆ ಅದಕ್ಕೆ ಬಂದದ್ದು ಕಡಿಮೆ ಅಂಕ. ನಾನು ಜಗಳ ತೆಗೆದೆ. ಹುಡುಕಿಕೊಂಡು ಬಂದದ್ದನ್ನು ಬರೆಯದಿದ್ದರೆ ನಾಳೆಯಿಂದ ನಾನು ಕೆಮ್ಮುವುದಿಲ್ಲ ಎಂದೆ. ಮೇಲಿನವರನ್ನು ಕೇಳಿ ಹೇಳುತ್ತೇನೆಂದು ಅವನು ಫೋನು ಇಟ್ಟ.

ಮುಂದೆ ನನ್ನ ಕಫದ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂತು. ಮತ್ತೆ ಸರ್ವೆಯ ಹೆಸರಿನಲ್ಲಿ ಹೊರಟು ಬಾಕಿ ಇದ್ದ ದವಾಖಾನೆಗಳನ್ನೂ ಮುಗಿಸಿದೆ. ವರದಿಯನ್ನು ಓದಿ ಹೇಳುವ ಸಭೆಗೆ ಚಿಕ್ಕೋಡಿಯ ಒಂದು ಸಭಾಭವನದಲ್ಲಿ ದವಾಖಾನೆಗಳ ಸಿಬ್ಬಂದಿಯನ್ನೆಲ್ಲ ಕರೆದರು. ನಾವು ಯಾರೆಂಬ ಗುಟ್ಟಿನ ಅವಧಿ ಮುಗಿದಿದ್ದರಿಂದ ನಾವೂ ಹೋಗಬಹುದಿತ್ತು. ಪರದೆಯ ಮೇಲೆ ಬಣ್ಣಬಣ್ಣದ ದುಂಡನೆಯ ಚಿತ್ರಗಳು ಬರುತ್ತಿದ್ದವು, ಇಂಗ್ಲಿಷಿನಲ್ಲಿ ವಿವರಣೆ ನಡೆದಿತ್ತು. ಚಹಾದ ವೇಳೆಗೆ ಹಿಂದಿನಿಂದ ಯಾರೋ ನನ್ನ ಭುಜ ಹಿಡಿದು ತಿರುಗಿಸಿದರು.

"ನೀ ಇಲ್ಲಿ ಯಾಕ ಬಂದಿ?"

ನರ್ಸಿಗೆ ನಾನು ಎಲ್ಲವನ್ನೂ ಹೇಳಿದೆ. ಅವರ ಮುಖ ಕೆಂಪಾಯಿತು.

"ಅಂದ್ರ, ನಾ ಆ ಬಿಸಲಾಗ ನಿಮ್ಮೂರಿಗಿ ಬಂದದ್ದು ನಾಟಕಕ್ಕೇನು? ನನಗ ಬ್ಯಾರೆ ಕೆಲಸ ಇರಲಿಲ್ಲೇನು?"

ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನರ್ಸು ಒಂದು ಗುಟುಕು ಚಹಾ ಕುಡಿದು, "ಅತ್ತಿ ಸಕ್ಕರಿ ಹ್ಯಾಂಗೈತಿ?" ಎಂದರು.

"ಗುಳಗಿ ತಗೋತಾರ್ರಿ. ಕಾಲಿನ ಗಾಯ ಆರೇತಿ."

"ಹೂಂ. ನನಗ ಮಾರ್ಕ್ಸ್ ಎಷ್ಟ ಕೊಟ್ಟಿ?"

ನಾನು ಸಭೆಯಲ್ಲಿ ಹಂಚಿದ್ದ ವರದಿಯ ಪುಟ ತೆಗೆದು ತೋರಿಸಿದೆ. ಮೇಲಿನವರು ನನ್ನ ಜಗಳಕ್ಕೆ ಒಪ್ಪಿದ್ದರು, ಆದರೆ ಅಡಿಟಿಪ್ಪಣಿಯಲ್ಲಿ. ಒಂದು ಕಡೆ ಸಿಬ್ಬಂದಿ ರೋಗಿಯನ್ನು ಅರಸಿ ಮನೆಗೆ ಹೋದರೆಂದು ಅಲ್ಲಿ ಒಂದು ಸಾಲು ಇತ್ತು. ನರ್ಸು ಕನ್ನಡಕ ಮೇಲೆ ಕೆಳಗೆ ಮಾಡಿದರು.

"ಇಷ್ಟ ಸಣ್ಣ ಅಕ್ಷರ? ಔಷಧದ ಬಾಟಲಿ ಮ್ಯಾಲ ಬರದಿರತೈತಲ್ಲ, ಹಂಗ ಐತಿ. ಯಾರೂ ಓದಂಗಿಲ್ಲ ಬಿಡು," ಎಂದರು. ಆದರೂ ಆ ಹಾಳೆಯನ್ನು ಕೇಳಿ ಇಸಿದುಕೊಂಡು, ಮಡಚಿ, ಚೀಲದಲ್ಲಿ ಇಟ್ಟುಕೊಂಡರು.

ಮನೆಗೆ ಬಂದು ಅತ್ತೆಗೂ ಗಂಡನಿಗೂ ವಿಷಯ ಹೇಳಿದೆ. ಗಂಡ ಬಹಳ ನಕ್ಕರು. ಅವರು ಹಾಗೆ ಸದ್ದು ಮಾಡಿ ನಗುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅತ್ತೆ ನಗಲಿಲ್ಲ. ಯೋಚಿಸುತ್ತ ಕೂತರು.

"ಅಂದ್ರ ನಿನ್ನ ಕೆಮ್ಮು ಸುಳ್ಳ."

"ಹೌದ್ರಿ."

"ನಿನ್ನ ಹೆಸರ, ಊರ, ಎಲ್ಲಾ ಸುಳ್ಳ."

"ಹೌದ್ರಿ."

"ಹಂಗಾದ್ರ ನನ್ನ ಸಕ್ಕರೀನೂ ಸುಳ್ಳ!" ಎಂದು ಎದ್ದು ಅಡುಗೆಮನೆಗೆ ಹೋಗಿ, ತಮ್ಮ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಂಡರು.

ಯಾರು ಹೇಳಿದರೂ ಕೇಳಲಿಲ್ಲ. ನರ್ಸೂ ನನ್ನ ನಾಟಕದವರೇ, ಮಷೀನೂ ನಾಟಕದ್ದೇ ಎಂದು ಹಟ ಹಿಡಿದರು. ತಮ್ಮನ್ನು ಈ ಗೊಂದಲಕ್ಕೆ ಸಂಬಂಧವಿಲ್ಲದ ಬೇರೆ ಯಾರಾದರೂ ನೋಡಿ ಹೇಳಬೇಕು ಎಂದರು. ಕೊನೆಗೆ ನಾವು ಮೂವರೂ ಮಿರಜಿಗೆ ಹೋದೆವು. ದಾರಿಯಲ್ಲಿ ಕಾಗವಾಡದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ, ಗಂಡ ನೀರು ತರಲು ಇಳಿದ ಹೊತ್ತಿಗೆ, ಅತ್ತೆ ಒಂದು ದೊಡ್ಡ ಗ್ಲಾಸು ಕಬ್ಬಿನ ಹಾಲು ಕುಡಿದರು. "ಮಿರಜದಾಗ ಎಲ್ಲಾ ತಿಳೀತೈತಿ, ಸುಮ್ನ ಇರ," ಎಂದು ನನ್ನ ಬಾಯಿ ಮುಚ್ಚಿಸಿದರು.

ಮಿರಜಿನ ಲ್ಯಾಬಿನಲ್ಲಿ ಬಂದ ಸಂಖ್ಯೆ ನರ್ಸು ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚಿತ್ತು. ಬಿಲ್ಲೂ ಹಾಗೆಯೇ ಇತ್ತು. ಅತ್ತೆ ಎರಡನ್ನೂ ಕೇಳಿ, ತಲೆಯ ಮೇಲೆ ಸೆರಗು ಸರಿಪಡಿಸಿಕೊಂಡು ಎದ್ದರು.

"ನಡೀರಿ ಮನಿಗಿ. ಆ ನರ್ಸಮ್ಮಗ ಫೋನ್ ಹಚ್ಚ," ಎಂದು ಮಗನಿಗೆ ಹೇಳಿದರು. "ಅಕಿ ಮಷೀನದಾಗ ಕಡಿಮಿ ತೋರಸ್ತಿತ್ತು. ನಮಗ ಅದ ಚಲೋ."